ಬಚ್ಚಲಮನಿಯ ದೀಪ



ಇವತ್ತು ಬಚ್ಚಲಮನಿಯ ದೀಪದ ಬಗ್ಗೆ ಮಾತಾಡೋಣ. ಬಚ್ಚಲಿನ ದೀಪ ಎಂಥಾದ್ದು ಇರಬೇಕು? ಪೇಟೆಯಲ್ಲಿ ಅದನ್ನು ಹೇಗೆ ಆರಿಸಬೇಕು? ಅದು ಸುಟ್ಟು ಹೋದರೆ ಹೇಗೆ ಬದಲಿಸಬೇಕು? ಇಷ್ಟೇ ವಿಷಯ.

"ಇದು ಗಂಡಸರ ಕೆಲಸ, ನಮಗ್ಯಾಕ ಬೇಕ್ರಿ?" ಅಂತ ಯಾರಾದರೂ ಕೇಳಬಹುದು. ಆದರೆ ವಿಚಾರ ಮಾಡಿ ನೋಡ್ರಿ. ನಸುಕಿನಲ್ಲಿ ಎದ್ದು ಹಂಡೆಗೆ ನೀರು ತುಂಬುವವರು ಯಾರು? ಮಕ್ಕಳಿಗೆ ಜಳಕ ಮಾಡಿಸುವವರು ಯಾರು? ಅರಿವೆ ಒಗೆಯುವವರು, ಬಚ್ಚಲು ತಿಕ್ಕುವವರು ಯಾರು? ನಾವೇ ಅಲ್ಲವೆ? ಕೈ ಒದ್ದೆ, ಕಾಲು ಒದ್ದೆ, ಸೀರೆ ಒದ್ದೆ. ಆ ದೀಪದ ಕೆಳಗೆ ದಿನಾ ನಿಲ್ಲುವವರು ನಾವು. ಆ ದೀಪ ಸುರಕ್ಷಿತ ಇದೆಯೋ ಇಲ್ಲವೋ ಅಂತ ನಾವೇ ನೋಡಿಕೊಳ್ಳಬೇಕು.

ಇನ್ನೊಂದು ಕಾರಣ ಇದೆ. ನೀವು ಈಗ ಓದಲು ಕಲಿತಿದ್ದೀರಿ. ದೀಪದ ಡಬ್ಬಿಯ ಮೇಲೆ ಅಕ್ಷರ ಇರುತ್ತವೆ, ಅಂಕಿ ಇರುತ್ತವೆ. ಮೊದಲು ಅಂಗಡಿಯವರು ಕೈಯಲ್ಲಿ ಕೊಟ್ಟದ್ದನ್ನು ತರುತ್ತಿದ್ದೆವು. ಈಗ ಓದಿ ನೋಡಿ ತರಬಹುದು. ಕಲಿತ ಅಕ್ಷರ ಜೀವ ಉಳಿಸುವ ಜಾಗ ಇದು.

ನೀರು ಮತ್ತು ಕರೆಂಟ್

ನಮ್ಮ ಮನೆಗೆ ಬರುವ ಕರೆಂಟಿನ ಒತ್ತಡ 230 ವೋಲ್ಟ್. ಈ ಕರೆಂಟ್ ನೆಲಕ್ಕೆ ಇಳಿಯಲು ದಾರಿ ಹುಡುಕುತ್ತದೆ. ನಾವು ಅದರ ದಾರಿಯಲ್ಲಿ ನಿಂತರೆ ನಮ್ಮ ಮೈಯೊಳಗಿಂದಲೇ ಇಳಿಯುತ್ತದೆ. ಒಣಗಿದ ಚರ್ಮ ಅದನ್ನು ಸ್ವಲ್ಪ ತಡೆಯುತ್ತದೆ. ತೊಯ್ದ ಚರ್ಮ ತಡೆಯುವುದಿಲ್ಲ. ಬಚ್ಚಲಲ್ಲಿ ಮೈ ತೊಯ್ದಿರುತ್ತದೆ. ಕಾಲಲ್ಲಿ ಚಪ್ಪಲಿ ಇರುವುದಿಲ್ಲ. ನೆಲ ಹಸಿ ಇರುತ್ತದೆ. ಪಡಸಾಲೆಯಲ್ಲಿ ಸಣ್ಣಗೆ ಝುಮ್ ಅನ್ನಿಸುವ ಕರೆಂಟ್ ಬಚ್ಚಲಲ್ಲಿ ಜೀವ ತೆಗೆಯಬಹುದು.

ಎಷ್ಟು ಕರೆಂಟ್ ಹರಿದರೆ ಅಪಾಯ? ಹರಿಯುವ ಕರೆಂಟನ್ನು ಆಂಪ್ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. 1 ಆಂಪನ್ನು 1000 ಪಾಲು ಮಾಡಿದರೆ ಒಂದು ಪಾಲಿಗೆ 1 ಮಿಲಿ ಆಂಪ್ ಅನ್ನುತ್ತಾರೆ. 9 ವ್ಯಾಟಿನ ಸಣ್ಣ ಎಲ್ಇಡಿ ಬಲ್ಬಿಗೆ 40 ಮಿಲಿ ಆಂಪ್ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಅಷ್ಟೇ ಕರೆಂಟ್ ನಮ್ಮ ಎದೆಯ ಮೂಲಕ ಹರಿದರೆ ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಉಸಿರು ಕಟ್ಟುತ್ತದೆ. ಸ್ವಲ್ಪ ಹೊತ್ತು ಹಾಗೇ ಹರಿದರೆ ಎದೆಬಡಿತ ನಿಲ್ಲಬಹುದು. ಬಲ್ಬು ಸಣ್ಣದು, ಅದೇನು ಮಾಡೀತು ಅಂತ ಅಲಕ್ಷ್ಯ ಮಾಡಬ್ಯಾಡ್ರಿ.

ಎರಡು ಥರದ ಬಚ್ಚಲು

ಬೆಳಗಾವಿ ಶಹರದ ಬಚ್ಚಲು ಬೇರೆ. ಖಾನಾಪುರ ಕಡೆಯ ಬಚ್ಚಲು ಬೇರೆ. ಎರಡಕ್ಕೂ ತಮ್ಮ ತಮ್ಮ ತೊಂದರೆ ಇವೆ.

ಬೆಳಗಾವಿಯ ಶಹಾಪುರ, ವಡಗಾವಿಯಂಥ ಹಳೆಯ ಭಾಗಗಳಲ್ಲಿ ಗಲ್ಲಿಯ ಮನೆಗಳಿವೆ. ಅಂಥ ಎಷ್ಟೋ ಮನೆಗಳಲ್ಲಿ ವಾಯರ್ ಹಳೆಯದು. ವಾಯರಿನ ಮೇಲಿನ ಹೊದಿಕೆ ಬಿರುಕು ಬಿಟ್ಟಿರುತ್ತದೆ. ಹೊಸ ಮನೆಗಳಲ್ಲಿ ಬಚ್ಚಲಿಗೂ ಪ್ಲಾಸ್ಟಿಕ್ ಹಲಗೆಯ ಸೀಲಿಂಗ್ ಹಾಕಿಸುತ್ತಾರೆ. ಆ ಸೀಲಿಂಗಿಗೆ ತೂತು ಮಾಡಿ ಚಪ್ಪಟೆ ದೀಪ ಕೂಡಿಸುತ್ತಾರೆ. ಅದಕ್ಕೆ ಸ್ಪಾಟ್ ಲೈಟು, ಸೀಲಿಂಗ್ ಲೈಟು ಅನ್ನುತ್ತಾರೆ. ನೋಡಲು ಚೆಂದ. ಆದರೆ ಅದರ ಹಿಂದೆ ಇರುವ ವಾಯರ್ ನಮ್ಮ ಕಣ್ಣಿಗೆ ಕಾಣುವುದಿಲ್ಲ.

ಖಾನಾಪುರ ತಾಲೂಕು ಮಳೆಯ ನಾಡು. ಮಲಪ್ರಭೆ ಹುಟ್ಟುವ ಕಣಕುಂಬಿ ಅಲ್ಲೇ ಇದೆ. ಜಾಂಬೋಟಿ, ಲೋಂಡಾ, ಕಣಕುಂಬಿ ಕಡೆ ಮಿರಗದ ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಗೋಡೆಗೆ ಪಾಚಿ ಬರುತ್ತದೆ. ಹಂಚಿನ ಸಂದಿಯಿಂದ ನೀರು ಸೋರುತ್ತದೆ. ಬಚ್ಚಲಲ್ಲಿ ಹಂಡೆಯ ಒಲೆ ಇದ್ದರೆ ಹೊಗೆಯ ಕಾಡಿಗೆಯೂ ಹಬೆಯೂ ಕೂಡಿ ಹೋಲ್ಡರಿನ ಮೇಲೆ ಕೂಡುತ್ತವೆ. ಶಹರದಲ್ಲಿ ನೀರು ಕೆಳಗಿಂದ ಸಿಡಿಯುತ್ತದೆ. ಖಾನಾಪುರದಲ್ಲಿ ಮೇಲಿಂದಲೂ ಬರುತ್ತದೆ.

ನಾವು ಬಚ್ಚಲು ಅನ್ನುತ್ತೇವೆ. ನಮ್ಮ ಮರಾಠಿ ನೆರೆಯವರು ನ್ಹಾಣಿ ಅನ್ನುತ್ತಾರೆ. ಕರೆಂಟಿಗೆ ಈ ಭೇದ ಗೊತ್ತಿಲ್ಲ. ಒದ್ದೆ ಕೈ ಕಂಡರೆ ಹಿಡಿಯುತ್ತದೆ. ಅದಕ್ಕೆ ಈ ಮಾತನ್ನು ನೆರೆಮನೆಯ ಬಾಯಿಗೂ ಹೇಳ್ರಿ.

ಡಬ್ಬಿಯ ಮೇಲಿನ ಅಕ್ಷರ

ಅಂಗಡಿಗೆ ಹೋದಾಗ "ಬಚ್ಚಲಿಗೆ ಹಾಕುವ ದೀಪ ಕೊಡ್ರಿ" ಅಂತ ಬಿಡಿಸಿ ಹೇಳಬೇಕು. ಬರೇ "ಲೈಟು ಕೊಡ್ರಿ" ಅಂದರೆ ಪಡಸಾಲೆಯ ದೀಪ ಕೊಟ್ಟಾರು. ಡಬ್ಬಿ ಕೈಗೆ ಬಂದ ಮೇಲೆ 4 ಗುರುತು ಓದಬೇಕು. ಅಕ್ಷರ ಇಂಗ್ಲಿಷಿನವು ಇರುತ್ತವೆ. ಹೆದರಬ್ಯಾಡ್ರಿ. ಅವುಗಳ ಆಕಾರ ನೆನಪಿಟ್ಟರೆ ಸಾಕು. ಅಂಕಿ ನಿಮಗೆ ಗೊತ್ತೇ ಇವೆ.

ಮೊದಲನೆಯ ಗುರುತು ವೋಲ್ಟ್. ಎರಡು ಬೆರಳು ಅಗಲಿಸಿ ಮೇಲೆ ಎತ್ತಿದಂತೆ ಕಾಣುವ ಅಕ್ಷರ ಅದು. ಅದರ ಹತ್ತಿರ 230 ಅಥವಾ 240 ಇರಬೇಕು. ಕೆಲವು ಡಬ್ಬಿಗಳ ಮೇಲೆ 100ರಿಂದ 300 ಅಂತ ಇರುತ್ತದೆ. ಅದೂ ನಡೆಯುತ್ತದೆ. ಬರೇ 12 ಅಂತ ಇದ್ದರೆ ಆ ದೀಪಕ್ಕೆ ಬೇರೆ ಸಣ್ಣ ಪೆಟ್ಟಿಗೆ ಬೇಕು. ಅದನ್ನು ನೇರವಾಗಿ ಮನೆಯ ಕರೆಂಟಿಗೆ ಹಚ್ಚಬಾರದು.

ಎರಡನೆಯ ಗುರುತು ವ್ಯಾಟ್. ಮೊದಲಿನ ಅಕ್ಷರವನ್ನೇ ಎರಡು ಸಲ ಜೋಡಿಸಿ ಬರೆದಂತೆ ಕಾಣುತ್ತದೆ. ದೀಪ ಎಷ್ಟು ಕರೆಂಟ್ ತಿನ್ನುತ್ತದೆ ಅಂತ ಅದು ಹೇಳುತ್ತದೆ. ಸಣ್ಣ ಬಚ್ಚಲಿಗೆ 5ರಿಂದ 9 ವ್ಯಾಟಿನ ಎಲ್ಇಡಿ ಸಾಕು. ಹಳೆಯ ತಂತಿಯ ಬಲ್ಬು 60 ವ್ಯಾಟ್ ತಿಂದು ಕೊಡುತ್ತಿದ್ದ ಬೆಳಕನ್ನು 9 ವ್ಯಾಟಿನ ಎಲ್ಇಡಿ ಹೆಚ್ಚುಕಡಿಮೆ ಕೊಡುತ್ತದೆ.

ಮೂರನೆಯ ಗುರುತು ಎಲ್ಲಕ್ಕಿಂತ ದೊಡ್ಡದು. ಅದು ಐಪಿ. ಒಂದು ನಿಂತ ಕೋಲು, ಅದರ ಪಕ್ಕದಲ್ಲಿ ಮೇಲೆ ಹೊಟ್ಟೆ ಬಂದ ಇನ್ನೊಂದು ಕೋಲು. ಅವುಗಳ ಮುಂದೆ 2 ಅಂಕಿ ಇರುತ್ತವೆ. ಮೊದಲ ಅಂಕಿ ಧೂಳು, ಹುಳಗಳನ್ನು ಎಷ್ಟು ತಡೆಯುತ್ತದೆ ಅಂತ ಹೇಳುತ್ತದೆ. ಎರಡನೆಯ ಅಂಕಿ ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುತ್ತದೆ. ಅಂಕಿ ದೊಡ್ಡದಾದಷ್ಟೂ ತಡೆ ಹೆಚ್ಚು.

ಐಪಿ 20 ಅಂತ ಇದ್ದರೆ ಎರಡನೆಯ ಅಂಕಿ ಸೊನ್ನೆ. ನೀರಿಗೆ ತಡೆ ಏನೂ ಇಲ್ಲ. ಅದು ಪಡಸಾಲೆಗೆ ಸರಿ, ಬಚ್ಚಲಿಗೆ ಬ್ಯಾಡ. ಐಪಿ 44 ಅಂತ ಇದ್ದರೆ ಎಲ್ಲ ಕಡೆಯಿಂದ ಸಿಡಿಯುವ ನೀರಿನ ಹನಿ ತಡೆಯುತ್ತದೆ. ಬಚ್ಚಲಿಗೆ ಕಡಿಮೆ ಅಂದರೂ ಇದು ಬೇಕು. ಐಪಿ 65 ಅಂತ ಇದ್ದರೆ ಪೈಪಿನಿಂದ ಚಿಮ್ಮುವ ನೀರನ್ನೂ ತಡೆಯುತ್ತದೆ. ಶಾವರ್ ಇರುವ ಜಾಗದ ಮೇಲೆ ಇಂಥ ದೀಪ ಇರಬೇಕು.

ಇಲ್ಲಿ ಒಂದು ಎಚ್ಚರಿಕೆ. ಸೀಲಿಂಗಿನೊಳಗೆ ಕೂಡಿಸುವ ಎಷ್ಟೋ ದೀಪಗಳಲ್ಲಿ ಕೆಳಗೆ ಕಾಣುವ ಮುಖಕ್ಕೆ ಮಾತ್ರ ಈ ತಡೆ ಇರುತ್ತದೆ. ಬೆನ್ನಿಗೆ ಇರುವುದಿಲ್ಲ. ಮೇಲೆ ಮಾಳಿಗೆ ಸೋರುತ್ತಿದ್ದರೆ ಐಪಿ 65 ಹಾಕಿದರೂ ಉಪಯೋಗವಿಲ್ಲ. ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ದೀಪ ಹಾಕಬೇಕು.

ನಾಲ್ಕನೆಯದು ಸರಕಾರಿ ಗುರುತು. ವಾಯರ್, ಬಟನ್ ತರುವಾಗ ಐಎಸ್ಐ ಗುರುತು ನೋಡ್ರಿ. ಎಲ್ಇಡಿ ದೀಪಕ್ಕೆ ಬೇರೆ ಥರದ ಗುರುತು ಇದೆ. ಅದರ ಮೇಲೆ ಐಎಸ್ ಅಂತ ಒಂದು ನಂಬರು ಇರುತ್ತದೆ. ಜೊತೆಗೆ ಇಂಗ್ಲಿಷಿನ ಆರ್ ಅಕ್ಷರ, ಒಂದು ಸಣ್ಣ ಗೆರೆ, ಆಮೇಲೆ 8 ಅಂಕಿ ಇರುತ್ತವೆ. ಈ ನಂಬರು ಖರೆ ಐತೋ ಸುಳ್ಳು ಐತೋ ಅಂತ ಮೊಬೈಲಿನಲ್ಲಿ ಬಿ.ಐ.ಎಸ್. ಕೇರ್ ಎಂಬ ಸರಕಾರಿ ಆ್ಯಪಿನಿಂದ ನೋಡಬಹುದು. ಶಾಲೆ ಕಲಿತ ಮಗಳಿಗೆ ಹೇಳಿದರೆ ಎರಡು ನಿಮಿಷದಲ್ಲಿ ನೋಡಿ ಹೇಳುತ್ತಾಳೆ.

ಕೊನೆಗೆ ಅಂಗಡಿಯಲ್ಲಿ ಪಾವತಿ ಕೇಳಿ ತೊಗೊಳ್ರಿ. ಗ್ಯಾರಂಟಿ ಎಷ್ಟು ವರ್ಷ ಅಂತ ಡಬ್ಬಿಯ ಮೇಲೆ ಓದ್ರಿ. ಪಾವತಿಯನ್ನು ಡಬ್ಬಿಯೊಳಗೇ ಇಟ್ಟುಕೊಳ್ರಿ.

ದೀಪ ಎಲ್ಲಿ ಇರಬೇಕು?

ಒಳ್ಳೆಯ ದೀಪ ತಂದು ತಪ್ಪು ಜಾಗದಲ್ಲಿ ಹಾಕಿದರೆ ಏನು ಬಂತು? ಮೈಮೇಲೆ ನೀರು ಹಾಕಿಕೊಳ್ಳುವ ಜಾಗದಿಂದ ದೀಪ ಆದಷ್ಟು ದೂರ ಇರಬೇಕು. ಎತ್ತರ ಏಳೂವರೆ ಅಡಿಗಿಂತ ಮೇಲೆ ಇದ್ದರೆ ಒಳ್ಳೆಯದು. ನಿಂತವರ ಕೈ ಸುಮ್ಮನೆ ಎತ್ತಿದರೆ ತಾಗಬಾರದು. ತಂಬಿಗೆಯ ನೀರು ಸಿಡಿಯಬಾರದು.

ಮಾಡು ತಗ್ಗಿದ್ದರೆ ದೀಪವನ್ನು ಬಾಗಿಲ ಕಡೆಯ ಗೋಡೆಯ ಮೇಲೆ, ಮುಚ್ಚಿದ ಗಾಜಿನೊಳಗೆ ಹಾಕಿಸಬಹುದು. ಹಂಡೆಯ ಒಲೆಯ ಮೇಲೆ ಹಾಕಬಾರದು. ಅಲ್ಲಿಯ ಝಳಕ್ಕೆ ವಾಯರಿನ ಹೊದಿಕೆ ಬಿರುಸಾಗಿ ಒಡೆಯುತ್ತದೆ. ಹಂಚಿನಿಂದ ನೀರು ಸೋರುವ ಸಾಲಿನ ಕೆಳಗೂ ಹಾಕಬಾರದು. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವಾಗ ದೀಪದ ಮೇಲಿನ ಹಂಚನ್ನು ಮೊದಲು ನೋಡ್ರಿ.

ದೀಪದ ಬಟನ್ ಬಚ್ಚಲಿನ ಹೊರಗೆ, ಬಾಗಿಲ ಪಕ್ಕ ಇರಬೇಕು. ಒದ್ದೆ ಕೈಯಿಂದ ಬಟನ್ ಒತ್ತಬಾರದು. ಇದನ್ನು ಮಕ್ಕಳಿಗೂ ರೂಢಿ ಮಾಡಿಸ್ರಿ.

ದೀಪ ಬದಲಿಸುವ ಕ್ರಮ

ಬಲ್ಬು ಹೋಯಿತು. ಹೊಸದು ತಂದಿದ್ದೀರಿ. ಈಗ ಒಂದೊಂದೇ ಕೆಲಸ ಮಾಡೋಣ.

1. ಹಗಲು ಹೊತ್ತಿನಲ್ಲಿ ಮಾಡ್ರಿ. ಜಳಕ ಮುಗಿದು ನೆಲ ಒಣಗಿರಬೇಕು. ಇಲ್ಲದಿದ್ದರೆ ಒಣ ಅರಿವೆಯಿಂದ ಒರೆಸ್ರಿ.

2. ಬಟನ್ ಬಂದ್ ಮಾಡ್ರಿ. ಆಮೇಲೆ ಮೇನ್ ಬಂದ್ ಮಾಡ್ರಿ. "ಬಟನ್ ಬಂದ್ ಮಾಡಿದ ಮ್ಯಾಲ ಮೇನ್ ಯಾಕ್ರಿ?" ಅಂತ ಕೇಳಬಹುದು. ದೀಪಕ್ಕೆ 2 ವಾಯರ್ ಹೋಗುತ್ತವೆ. ಒಂದರಲ್ಲಿ ಕರೆಂಟ್ ಬರುತ್ತದೆ. ಇನ್ನೊಂದರಲ್ಲಿ ತಿರುಗಿ ಹೋಗುತ್ತದೆ. ಬಟನ್ ಬರುವ ವಾಯರನ್ನು ಕಡಿಯಬೇಕು. ಆದರೆ ಜೋಡಿಸುವಾಗ ತಪ್ಪಿದ್ದರೆ ಅದು ಹೋಗುವ ವಾಯರನ್ನು ಕಡಿಯುತ್ತದೆ. ಆಗ ದೀಪ ಆರಿರುತ್ತದೆ, ಹೋಲ್ಡರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೆ ಮೇನ್ ಬಂದ್ ಮಾಡಲೇಬೇಕು.

3. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನೂ ಬಂದ್ ಮಾಡ್ರಿ. ಮೇನ್ ಬಂದ್ ಆದ ಕೂಡಲೆ ಇನ್ವರ್ಟರ್ ತಾನೇ ಕರೆಂಟ್ ಕೊಡಲು ಶುರು ಮಾಡುತ್ತದೆ. ಬೇರೆ ಖೋಲಿಯ ದೀಪ, ಫ್ಯಾನ್ ಹಚ್ಚಿ ನೋಡ್ರಿ. ಯಾವುದೂ ಹತ್ತಬಾರದು.

4. ಕರೆಂಟ್ ಹೋದಾಗ "ಈಗ ಬದಲಿಸಿ ಬಿಡೋಣ" ಅಂತ ಮೇನ್ ಬಂದ್ ಮಾಡದೆ ಕೈ ಹಾಕಬ್ಯಾಡ್ರಿ. ಹೋದ ಕರೆಂಟ್ ಹೇಳಿ ಬರುವುದಿಲ್ಲ. ಕೈ ಹೋಲ್ಡರಿನಲ್ಲಿ ಇದ್ದಾಗಲೇ ಬಂದೀತು.

5. ಮೇನ್ ಹತ್ತಿರ ಒಬ್ಬರನ್ನು ನಿಲ್ಲಿಸ್ರಿ. ಗೊತ್ತಿಲ್ಲದೆ ಯಾರಾದರೂ ಬಂದು ಹಚ್ಚಿದರೆ ಗತಿ ಏನು? ಒಂದು ಚೀಟಿ ಬರೆದು ಮೇನಿಗೆ ಅಂಟಿಸ್ರಿ: "ಮುಟ್ಟಬೇಡಿ. ಬಚ್ಚಲಲ್ಲಿ ಕೆಲಸ ನಡೆದಿದೆ." ಇದನ್ನು ಬರೆಯಲು ಈಗ ನಿಮಗೆ ಬರುತ್ತದೆ.

6. ಕೈಕಾಲು ಒರೆಸಿಕೊಂಡು ಒಣ ರಬ್ಬರ್ ಚಪ್ಪಲಿ ಹಾಕಿಕೊಳ್ರಿ. ಕಟ್ಟಿಗೆಯ ಗಟ್ಟಿ ಸ್ಟೂಲಿನ ಮೇಲೆ ನಿಲ್ರಿ. ಬೋರಲು ಹಾಕಿದ ಬಕೆಟ್ಟು, ಕೊಡ, ಹಂಡೆಯ ಮೇಲೆ ನಿಲ್ಲಬಾರದು. ಕರೆಂಟಿನಿಂದ ಉಳಿದವರು ಬಿದ್ದು ಸೊಂಟ ಮುರಿದುಕೊಂಡಾರು. ಸ್ಟೂಲು ಹಿಡಿಯಲು ಇನ್ನೊಬ್ಬರು ಇರಲಿ.

7. ಉರಿಯುತ್ತಿದ್ದ ಬಲ್ಬನ್ನು ಕೂಡಲೆ ಹಿಡಿಯಬ್ಯಾಡ್ರಿ. 10 ನಿಮಿಷ ಆರಲಿ. ಹಳೆಯ ಹ್ಯಾಲೋಜನ್ ದೀಪ ಇದ್ದರೆ ಬಹಳ ಸುಡುತ್ತದೆ, ಇನ್ನೂ ಹೊತ್ತು ಬಿಡ್ರಿ.

8. ಹೋಲ್ಡರಿನ ಬಲ್ಬಾದರೆ ಮೆಲ್ಲಗೆ ಮೇಲೆ ಒತ್ತಿ, ಎಡಕ್ಕೆ ತಿರುಗಿಸಿ ತೆಗೀರಿ. ಹೊಸದನ್ನು ಒತ್ತಿ ಬಲಕ್ಕೆ ತಿರುಗಿಸ್ರಿ. ಹೋಲ್ಡರ್ ಕರಗಿದ್ದರೆ, ಕಪ್ಪಾಗಿದ್ದರೆ, ಹಸಿರು ಜಂಗು ಹಿಡಿದಿದ್ದರೆ ಹೊಸ ಬಲ್ಬು ಹಾಕಬ್ಯಾಡ್ರಿ. ಮೊದಲು ಹೋಲ್ಡರ್ ಬದಲಿಸಬೇಕು.

9. ಸೀಲಿಂಗಿನ ಸ್ಪಾಟ್ ಲೈಟಾದರೆ ಅದನ್ನು 2 ಸ್ಪ್ರಿಂಗ್ ಹಿಡಿದಿರುತ್ತವೆ. ಅಂಚು ಹಿಡಿದು ಮೆಲ್ಲಗೆ ಕೆಳಗೆ ಎಳೆದರೆ ಬರುತ್ತದೆ. ಸ್ಪ್ರಿಂಗ್ ಫಟ್ಟನೆ ಬೆರಳಿಗೆ ಬಡಿಯುತ್ತದೆ, ಜ್ವಾಕಿ. ಒಳಗೆ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಅದಕ್ಕೆ ಡ್ರೈವರ್ ಅನ್ನುತ್ತಾರೆ. ದೀಪ ಮತ್ತು ಡ್ರೈವರ್ ಒಂದಕ್ಕೊಂದು ಸರಿ ಹೊಂದಬೇಕು. ಹೊಸ ದೀಪದ ಜೊತೆ ಬಂದ ಡ್ರೈವರನ್ನೇ ಹಾಕಬೇಕು. ಪಿನ್ನಿನಿಂದ ಬಿಚ್ಚಿ ಜೋಡಿಸುವಂತೆ ಇದ್ದರೆ ನೀವೇ ಬದಲಿಸಬಹುದು. ವಾಯರ್ ಹೆಣೆದು ಟೇಪು ಸುತ್ತಿದ್ದರೆ ಕೈ ಹಾಕಬ್ಯಾಡ್ರಿ. ವಾಯರಮನ್ನರನ್ನು ಕರೀರಿ.

10. ಸ್ಟೂಲಿನಿಂದ ಕೆಳಗೆ ಇಳಿದು ಹೊರಗೆ ಬಂದ ಮೇಲೆ ಮೇನ್ ಹಚ್ಚಬೇಕು. ಆಮೇಲೆ ಒಣ ಕೈಯಿಂದ ಬಟನ್ ಒತ್ತಬೇಕು.

ಹಳೆಯ ಸಿ.ಎಫ್.ಎಲ್. ದೀಪ, ಅಂದರೆ ಸುರುಳಿ ದೀಪ ಒಡೆದರೆ ಇನ್ನೊಂದು ಎಚ್ಚರಿಕೆ ಬೇಕು. ಅದರೊಳಗೆ ಸ್ವಲ್ಪ ಪಾದರಸ ಇರುತ್ತದೆ. ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ಬಾಗಿಲು ತೆಗೀರಿ. ಚೂರುಗಳನ್ನು ಬರಿಗೈಯಿಂದ ಆರಿಸಬಾರದು. ದಪ್ಪ ಕಾಗದದಿಂದ ಕೂಡಿಸಿ, ಚೀಲದಲ್ಲಿ ಕಟ್ಟಿ ಬೇರೆ ಇಡಬೇಕು.

ವಾಯರಮನ್ನರನ್ನು ಯಾವಾಗ ಕರೆಯಬೇಕು?

ಇದಕ್ಕೆ ಕಾಯ್ದೆಯೂ ಇದೆ. ಮನೆಯವರು ಬಲ್ಬು, ಫ್ಯೂಜ್, ಬಟನ್‌ಗಳನ್ನು ಮೊದಲಿದ್ದಂಥಾದ್ದೇ ಹಾಕಿ ಬದಲಿಸಬಹುದು. ಹೊಸ ವಾಯರ್ ಎಳೆಯುವುದು, ಹೊಸ ಪಾಯಿಂಟ್ ಮಾಡುವುದು, ಇದ್ದ ಜೋಡಣೆ ಬದಲಿಸುವುದು ಲೈಸೆನ್ಸ್ ಇದ್ದ ಗುತ್ತಿಗೆದಾರರ ಕೆಲಸ. ಕೆಲಸ ಮಾಡುವ ವಾಯರಮನ್ನರಿಗೆ ಸರಕಾರದ ಪರವಾನಿಗೆ ಇರಬೇಕು. "ಅಣ್ಣಾ, ನಿಮ್ಮ ಪರವಾನಿಗೆ ತೋರಸ್ರಿ" ಅಂತ ಕೇಳಲು ನಾಚಿಕೆ ಬ್ಯಾಡ. ಓದಲು ಬರುವವರು ಓದಿ ನೋಡಿದರೆ ತಪ್ಪೇನು?

ಈ ಲಕ್ಷಣ ಕಂಡರೆ ಬಚ್ಚಲಿನ ಕರೆಂಟ್ ಬಂದ್ ಮಾಡಿ ಅವರನ್ನು ಕರೆಯಿರಿ. ದೀಪ ಮಿಣುಕು ಮಿಣುಕು ಅನ್ನುತ್ತದೆ. ಗುಂಯ್ ಅಂತ ಸಪ್ಪಳ ಬರುತ್ತದೆ. ಸುಟ್ಟ ವಾಸನೆ ಬರುತ್ತದೆ. ದೀಪದ ಗಾಜಿನೊಳಗೆ ನೀರು ನಿಂತಿದೆ. ಸೀಲಿಂಗಿನ ಮೇಲೆ ಕಂದು ಕಲೆ ಬಿದ್ದಿದೆ. ಗೋಡೆ ಮುಟ್ಟಿದರೆ, ನಲ್ಲಿ ಮುಟ್ಟಿದರೆ ಝುಮ್ ಅನ್ನುತ್ತದೆ. ಈ ಕೊನೆಯದು ಬಹಳ ಕೆಟ್ಟದ್ದು. "ಸ್ವಲ್ಪ ಝುಮ್ ಅಂತೈತಿ, ರೂಢಿ ಆಗೈತಿ" ಅನ್ನಬ್ಯಾಡ್ರಿ. ಇವತ್ತು ಝುಮ್ ಅಂದದ್ದು ನಾಳೆ ನೆಲ ಹೆಚ್ಚು ತೊಯ್ದಾಗ ಹಿಡಿದು ಬೀಳಿಸುತ್ತದೆ.

ದೀಪದ ಮೈ ಲೋಹದ್ದು ಇದ್ದರೆ ಅದಕ್ಕೆ ಹಸಿರು ವಾಯರ್, ಅಂದರೆ ಅರ್ಥಿಂಗ್ ಜೋಡಿಸಿರಬೇಕು. ದೀಪದ ಮೇಲೆ ಚೌಕದೊಳಗೆ ಇನ್ನೊಂದು ಸಣ್ಣ ಚೌಕದ ಗುರುತು ಇದ್ದರೆ ಅದಕ್ಕೆ ಅರ್ಥಿಂಗ್ ಬೇಕಿಲ್ಲ. ವಾಯರಮನ್ ಕೆಲಸ ಮಾಡುವಾಗ ಇದನ್ನು ಕೇಳ್ರಿ.

ಮೇನ್ ಬೋರ್ಡು ಓದೋಣ

ನಿಮ್ಮ ಮನೆಯ ಮೀಟರಿನ ಹತ್ತಿರ ಸಾಲಾಗಿ ಸಣ್ಣ ಬಟನ್‌ಗಳು ಇರಬಹುದು. ಅವು ಎಂ.ಸಿ.ಬಿ. ವಾಯರ್ ಕಾದು ಬೆಂಕಿ ಹತ್ತದಂತೆ ಅವು ಕಾಯುತ್ತವೆ. ಆದರೆ ಅವು ಮನುಷ್ಯರನ್ನು ಕಾಯುವುದಿಲ್ಲ. ಲೆಕ್ಕ ಮಾಡ್ರಿ. ದೀಪದ ಎಂ.ಸಿ.ಬಿ. ಸಾಮಾನ್ಯವಾಗಿ 6 ಆಂಪಿನದು. ಅಂದರೆ 6000 ಮಿಲಿ ಆಂಪ್. ನಮ್ಮ ಜೀವಕ್ಕೆ 40 ಮಿಲಿ ಆಂಪೇ ಅಪಾಯ. ನಮ್ಮ ಮೈಯಲ್ಲಿ ಕರೆಂಟ್ ಹರಿಯುತ್ತಿದ್ದರೂ ಅದು ಸುಮ್ಮನೆ ಇರುತ್ತದೆ.

ಮನುಷ್ಯರನ್ನು ಕಾಯುವುದು ಬೇರೆ ಇದೆ. ಅದಕ್ಕೆ ಆರ್.ಸಿ.ಸಿ.ಬಿ. ಅನ್ನುತ್ತಾರೆ. ಅಂಗಡಿಯಲ್ಲಿ ಇ.ಎಲ್.ಸಿ.ಬಿ. ಅಂತಲೂ ಕರೆಯುತ್ತಾರೆ. ಹೋದ ಕರೆಂಟ್ ಪೂರ್ತಿ ತಿರುಗಿ ಬಂತೋ ಇಲ್ಲವೋ ಅಂತ ಅದು ತೂಗಿ ನೋಡುತ್ತದೆ. ಕಡಿಮೆ ಬಂದರೆ ಎಲ್ಲಿಯೋ ಸೋರಿದೆ ಅಂತ ತಿಳಿದು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕರೆಂಟ್ ಕಡಿಯುತ್ತದೆ. ಮನೆಗೆ 30 ಮಿಲಿ ಆಂಪಿನದು ಬೇಕು. ಅದರ ಮೇಲೆ ಒಂದು ಸಣ್ಣ ಪರೀಕ್ಷೆಯ ಗುಂಡಿ ಇರುತ್ತದೆ. ತಿಂಗಳಿಗೆ ಒಂದು ಸಲ ಅದನ್ನು ಒತ್ತಬೇಕು. ಕರೆಂಟ್ ಹೋದರೆ ಅದು ಸರಿ ಇದೆ. ಹೋಗದಿದ್ದರೆ ಕೆಟ್ಟಿದೆ, ಬದಲಿಸಬೇಕು. ದೀಪಕ್ಕೆ ಚೆಂದದ ಗಾಜು ಹಾಕಿಸುವ ಮೊದಲು ಇದನ್ನು ಹಾಕಿಸ್ರಿ.

ಇನ್ನೊಂದು ಕೆಲಸ ಇದೆ. ಬೋರ್ಡಿನ ಯಾವ ಬಟನ್ ಯಾವ ಖೋಲಿಯದು ಅಂತ ಎಷ್ಟು ಜನರಿಗೆ ಗೊತ್ತು? ಒಂದೊಂದನ್ನೇ ಬಂದ್ ಮಾಡಿ ನೋಡ್ರಿ. ಚೀಟಿ ಬರೆದು ಅಂಟಿಸ್ರಿ. "ಬಚ್ಚಲು", "ಅಡಿಗೆಮನಿ", "ಪಡಸಾಲೆ", "ಮೇನ್". ಮನೆಯಲ್ಲಿ ಮರಾಠಿ ಓದುವವರಿದ್ದರೆ ಕೆಳಗೆ ಮರಾಠಿಯಲ್ಲೂ ಬರೆಸ್ರಿ. ಆಪತ್ತು ಬಂದಾಗ ಹುಡುಕುತ್ತ ನಿಲ್ಲುವುದು ತಪ್ಪುತ್ತದೆ.

ಕರೆಂಟ್ ಹಿಡಿದರೆ ಏನು ಮಾಡಬೇಕು?

ಬಚ್ಚಲಲ್ಲಿ ಯಾರಿಗಾದರೂ ಕರೆಂಟ್ ಹಿಡಿದರೆ ಕರುಳು ತಡೆಯುವುದಿಲ್ಲ. ಓಡಿ ಹೋಗಿ ಹಿಡಿಯುತ್ತೇವೆ. ಹಿಡಿಯಬಾರದು. ಹಿಡಿದರೆ ಒಬ್ಬರ ಬದಲು ಇಬ್ಬರಾಗುತ್ತಾರೆ. ಮೊದಲು ಮೇನ್ ಬಂದ್ ಮಾಡಬೇಕು. ಅದು ಆಗದಿದ್ದರೆ ಒಣ ಜಾಗದಲ್ಲಿ ನಿಂತು, ಒಣಗಿದ ಕಟ್ಟಿಗೆಯ ಕೋಲಿನಿಂದ ಅವರನ್ನು ವಾಯರಿನಿಂದ ಬಿಡಿಸಬೇಕು. ಹಸಿ ಕೋಲು, ಕಬ್ಬಿಣದ ಸರಳು ಬ್ಯಾಡ.

ಕೂಡಲೆ 108ಕ್ಕೆ ಫೋನ್ ಮಾಡಬೇಕು. ಉಸಿರು ಇಲ್ಲದಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಬೇಕು. ಎದೆಯ ನಡುವೆ ಒಂದರ ಮೇಲೆ ಒಂದು ಕೈ ಇಟ್ಟು ಜೋರಾಗಿ ಒತ್ತಬೇಕು. ದೊಡ್ಡವರಿಗಾದರೆ ಎದೆ 2 ಅಂಗುಲ ತಗ್ಗಬೇಕು. ನಿಮಿಷಕ್ಕೆ 100ರಿಂದ 120 ಸಲ. ಗಾಡಿ ಬರುವವರೆಗೆ ಬಿಡಬಾರದು. ಎದ್ದು ಕೂತು ಮಾತಾಡಿದರೂ ಒಮ್ಮೆ ದವಾಖಾನೆಗೆ ತೋರಿಸಲೇಬೇಕು. ಖಾನಾಪುರ ತಾಲೂಕಿನ ಸರಕಾರಿ ದವಾಖಾನೆ ಇದೆ. ಬೆಳಗಾವಿಯಲ್ಲಿ ಬಿಮ್ಸ್ ಜಿಲ್ಲಾ ಆಸ್ಪತ್ರೆ ಇದೆ.

ಕಂಬದ ವಾಯರ್ ಹರಿದು ಬಿದ್ದರೆ, ಮೀಟರಿನಲ್ಲಿ ಕಿಡಿ ಬಂದರೆ ಅದು ಹೆಸ್ಕಾಂನವರ ಕೆಲಸ. ಹುಬ್ಬಳ್ಳಿಯ ಈ ಕಂಪನಿ 2002ರಿಂದ ನಮ್ಮ ಜಿಲ್ಲೆಗೆ ಕರೆಂಟ್ ಕೊಡುತ್ತಿದೆ. ದೂರು ಹೇಳುವ ನಂಬರು 1912.

ಎರಡು ಪ್ರಶ್ನೆ

ಇಂಥ ಮಾತು ಬಂದಾಗ ಅಕ್ಕಂದಿರು ಎರಡು ಪ್ರಶ್ನೆ ಕೇಳುತ್ತಾರೆ.

ಮೊದಲನೆಯದು: "ಗೃಹಜ್ಯೋತಿ ಬಂದ ಮ್ಯಾಲ ಬಿಲ್ ಬರೂದಿಲ್ಲಲ್ರಿ. ಹಳೇ ಬಲ್ಬು ಇದ್ರ ಏನಾತು?" 2023ರಲ್ಲಿ ಗೃಹಜ್ಯೋತಿ ಬಂತು, ಖರೆ. ಆದರೆ ಅದಕ್ಕೆ ಮಿತಿ ಇದೆ. ತಿಂಗಳಿಗೆ 200 ಯುನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 60 ವ್ಯಾಟಿನ ಬಲ್ಬು ದಿನಕ್ಕೆ 4 ತಾಸು ಉರಿದರೆ ತಿಂಗಳಿಗೆ 7 ಯುನಿಟ್ ದಾಟುತ್ತದೆ. 9 ವ್ಯಾಟಿನ ಎಲ್ಇಡಿಗೆ 1 ಯುನಿಟಿಗಿಂತ ತುಸು ಹೆಚ್ಚು ಅಷ್ಟೆ. ಇನ್ನೊಂದು ಮಾತು. ಬಿಲ್ ಬರದ ಕರೆಂಟ್ ಆದರೂ 230 ವೋಲ್ಟೇ. ಪುಕ್ಕಟೆ ಬಂತು ಅಂತ ಅದು ಮೆತ್ತಗೆ ಹೊಡೆಯುವುದಿಲ್ಲ.

ಎರಡನೆಯದು: "ನಮ್ಮದು ಭಾಡಿಗಿ ಮನಿರಿ. ಮಾಲಕರು ಮಾಡಿಸೂದಿಲ್ಲ. ನಾವೇನ್ ಮಾಡೂದು?" ಬಾಯಿಂದ ಹೇಳಿದ್ದು ಗಾಳಿಗೆ ಹೋಗುತ್ತದೆ. ಬರೆದು ಕೊಡ್ರಿ. ದೊಡ್ಡ ಪತ್ರ ಬೇಕಿಲ್ಲ. ಹೀಗೆ ಬರೆದರೆ ಸಾಕು:

"ಮಾಲಕರಿಗೆ ನಮಸ್ಕಾರ. ನಿಮ್ಮ ಮನೆಯ ಬಚ್ಚಲಿನ ಗೋಡೆ ಮುಟ್ಟಿದರೆ ಕರೆಂಟ್ ಹೊಡೆಯುತ್ತದೆ. ದೀಪದ ವಾಯರ್ ಹಳೆಯದಾಗಿದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಪರವಾನಿಗೆ ಇದ್ದ ವಾಯರಮನ್ನರನ್ನು ಕಳಿಸಿ ಈ ವಾರ ಸರಿ ಮಾಡಿಸಬೇಕು."

ಕೆಳಗೆ ತಾರೀಖು ಹಾಕ್ರಿ. ನಿಮ್ಮ ಸಹಿ ಮಾಡ್ರಿ, ಹೆಬ್ಬೆಟ್ಟು ಬ್ಯಾಡ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ರಿಪೇರಿ ಆಗುವವರೆಗೆ ಬಚ್ಚಲಿನ ಕರೆಂಟ್ ಬಂದ್ ಇಟ್ಟು, ಬ್ಯಾಟರಿ ದೀಪ ಹಚ್ಚಿಕೊಳ್ರಿ. ನಾಲ್ಕು ದಿನ ಮಂದ ಬೆಳಕಿನಲ್ಲಿ ಜಳಕ ಮಾಡಿದರೆ ಏನೂ ಕೆಡುವುದಿಲ್ಲ.

ಮನೆಗೆ ಹೋಗಿ ಮಾಡುವ ಕೆಲಸ

ಬಚ್ಚಲಿನ ದೀಪವನ್ನು ಕೆಳಗೆ ನಿಂತು ನೋಡ್ರಿ. ನೀರು ಸಿಡಿಯುತ್ತದೆಯೇ? ಕಲೆ ಇದೆಯೇ? ಮೇನ್ ಎಲ್ಲಿದೆ ಅಂತ ಮನೆಯ ಎಲ್ಲರಿಗೂ, ಮಕ್ಕಳಿಗೂ ತೋರಿಸ್ರಿ. ಬೋರ್ಡಿಗೆ ಚೀಟಿ ಬರೆದು ಅಂಟಿಸ್ರಿ. 108 ಮತ್ತು 1912 ಈ ಎರಡು ನಂಬರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೀರಿ.

ಈ ಪದಗಳನ್ನು ಓದಿರಿ, ಬರೆಯಿರಿ: ಬಚ್ಚಲು, ದೀಪ, ಮೇನ್, ಬಟನ್, ಹೋಲ್ಡರ್, ವಾಯರ್, ವೋಲ್ಟ್, ವ್ಯಾಟ್, ಐಪಿ 44, ಐಪಿ 65, ಪರವಾನಿಗೆ, ಎಚ್ಚರಿಕೆ.

ಮುಂದಿನ ವಾರ ಬರುವಾಗ ನಿಮ್ಮ ಮನೆಯ ದೀಪದ ಡಬ್ಬಿ ಇದ್ದರೆ ತೊಗೊಂಡು ಬರ್ರಿ. ಅದರ ಮೇಲೆ ಏನು ಬರೆದಿದೆ ಅಂತ ಎಲ್ಲರೂ ಕೂಡಿ ಓದೋಣ.